ಗಿರಿಜಾದೇವಿ ಹೊತ್ತುಕೊಂಡದ್ದು

“ಬೆನ್ನಿಗೆ ಇನ್ನೊಂದು ದಿಂಬು ಕೊಡ್ರಿ, ಬಲಕ್ಕ ವಾಲಾಕತ್ಯಾರ,” ಎಂದರು ಪೂಜೆ ಮಾಡಿಸಲು ಬಂದ ಅಯ್ಯನವರು.

ವೀರಪ್ಪ ಒಳಗಿನ ಕೋಣೆಯಿಂದ ದಿಂಬು ತಂದುಕೊಟ್ಟ. ಅವನ ಹೆಂಡತಿ ಗಿರಿಜಾದೇವಿಯನ್ನು ಮೂವರು ಗಂಡಸರು ನಡುಮನೆಯ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಹಸಿರು ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಮಡಚಿದ ಕಾಲು. ಸತ್ತವರನ್ನು ಕೂರಿಸಿಯೇ ಪೂಜಿಸಿ ಕೂರಿಸಿಯೇ ಮಣ್ಣು ಮಾಡುವುದು ಅವರ ಲಿಂಗಾಯತ ಮನೆತನದ ಪದ್ಧತಿ. ಮದರಾಸಿನ ಹೊರವಲಯದ ತಾಂಬರಂನ ಆ ಬೀದಿಗೆ ಅದು ಹೊಸದು. ಬಾಗಿಲಲ್ಲಿ ನಿಂತ ನೆರೆಯ ಹೆಂಗಸರು, ಎದ್ದು ಕೂತ ಹಾಗೆಯೇ ಇದ್ದಾರಲ್ಲ ಎಂದು ತಮಿಳಿನಲ್ಲಿ ಪಿಸುಗುಟ್ಟುತ್ತಿದ್ದರು.

ಹಿಂದಿನ ದಿನ ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಒಲೆಯ ಮುಂದಿನಿಂದ ಏಳಹೋದವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದಳು. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತೈದು ವರ್ಷ, ಸಾಯುವ ವಯಸ್ಸಲ್ಲ.

ಕೂರಿಸುವುದು ಮುಗಿಯುವ ಹೊತ್ತಿಗೆ ಮಗ ಭೋಜರಾಜ ಒಳಗಿನಿಂದ ಬಂದ. ಇಪ್ಪತ್ನಾಲ್ಕು ವರ್ಷದ ಎತ್ತರದ ಆಳು. ಯಾರ ಮುಖವನ್ನೂ ನೋಡದೆ ಜನರ ನಡುವೆ ದಾರಿ ಮಾಡಿಕೊಂಡು ಬಂದು ತಾಯಿಯ ಎದುರಿಗೆ ಕೂತ. ಅವಳ ಬಳೆಗಳನ್ನೇ ನೋಡುತ್ತ, ಹಿಂದಕ್ಕೆ ಮುಂದಕ್ಕೆ ತೂಗಿದ. ಆಮೇಲೆ ಗಟ್ಟಿಯಾಗಿ ಹೇಳಿದ:

“ಭೋಜಾ, ಹಸಿವಾತೇನಪಾ? ಕೈ ತೊಳಕೊಂಡ... ಬಾ.”

ನಡುಮನೆಯವರೆಲ್ಲ ಅವನ ಕಡೆ ತಿರುಗಿದರು. ದನಿ ಗಂಡಸಿನದು, ಆದರೆ ಎಳೆತ, ಏರಿಳಿತ, ‘ಬಾ’ ಎನ್ನುವ ಮುಂಚಿನ ಆ ಸಣ್ಣ ತಡೆ, ಎಲ್ಲವೂ ಗಿರಿಜೆಯದೇ. ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದಳು.

ವೀರಪ್ಪನಿಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ಹುಡುಗನಿಗೆ ಹಸಿವಾಗಿದೆ, ಅಷ್ಟೆ. ‘ನನಗೆ’ ಎನ್ನುವ ಮಾತು ಅವನಿಗೆ ಇವತ್ತಿಗೂ ಬಂದಿಲ್ಲ. ಏನು ಬೇಕಾದರೂ, ಅದನ್ನು ಕೊಡುವಾಗ ತಾಯಿ ಆಡುತ್ತಿದ್ದ ಮಾತನ್ನೇ ಅವಳ ದನಿಯಲ್ಲಿ ಆಡಿಬಿಡುತ್ತಾನೆ.

ಅಡುಗೆಮನೆಯಲ್ಲಿ ಪಕ್ಕದ ಮನೆಯ ಶಾರದಮ್ಮ ಇಡ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಮೈಸೂರಿನ ಕಡೆಯವಳು, ಗಿರಿಜೆಗೆ ಹದಿನೈದು ವರ್ಷದ ಗೆಳತಿ. “ಬೆಳಗಿನಿಂದ ಎರಡು ಸಲ ಕೊಟ್ಟೆ ವೀರಪ್ಪನವರೇ. ತಟ್ಟೇನೇ ತಳ್ಳಿಬಿಡ್ತಾನೆ. ಅವರು ಏನು ಕೊಡ್ತಿದ್ರು ಈ ಹೊತ್ತಿಗೆ?”

ವೀರಪ್ಪ ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಿದ. ನಿನ್ನೆ ಅವಳು ಬಡಿದ ಜೋಳದ ರೊಟ್ಟಿಗಳು ಹಾಗೇ ಇದ್ದವು. ಒಂದನ್ನು ತೆಗೆದುಕೊಂಡು ಹೋಗಿ ಮಗನ ಮುಂದೆ ಇಟ್ಟ. ಭೋಜ ಅದನ್ನು ಒಂದು ಬೆರಳಿನಿಂದ ದೂರ ಸರಿಸಿದ. ವೀರಪ್ಪ ಅದನ್ನೇ ದಿಟ್ಟಿಸಿ ನೋಡಿದ. ರೊಟ್ಟಿಯ ಅಂಚು ಒಡೆದಿತ್ತು. ಮತ್ತೆ ಹೋಗಿ ಬುಟ್ಟಿಯನ್ನೆಲ್ಲ ಹುಡುಕಿ, ಎಲ್ಲೂ ಮುರಿಯದ ದುಂಡನೆಯದೊಂದನ್ನು ತಂದ. ಹುಡುಗ ತಿಂದ. ಇಪ್ಪತ್ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಇಷ್ಟು ತನಗೆ ಗೊತ್ತಿರಲಿಲ್ಲವಲ್ಲ ಎಂದು ವೀರಪ್ಪನಿಗೆ ಅನಿಸಿತು.

ಗಿರಿಜೆಯ ತಮ್ಮ ರೇವಣಸಿದ್ದಪ್ಪ ಅವನನ್ನು ಜಗಲಿಗೆ ಕರೆದ. ಮದರಾಸಿನಲ್ಲೇ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು; ರಾತ್ರಿಯೆಲ್ಲ ಅತ್ತು ಅವನ ಕಣ್ಣು ಬಾತಿದ್ದವು.

“ಮಾಮಾ, ಹನ್ನೊಂದಕ್ಕ ವ್ಯಾನ್ ಬರ್ತೈತಿ. ಭಜನಿ ಮಂದಿ ಬರಾವ್ರ ಅದಾರ. ತಾಳ, ದಮ್ಮಡಿ, ಗದ್ದಲ. ಇಂವಾ ಚೀರಿ ಹಾರ್ಯಾಡಿದ್ರ ಯಾರು ಹಿಡೀಬೇಕು?” ಕಾಗದದ ಸಣ್ಣ ಪೊಟ್ಟಣವೊಂದನ್ನು ವೀರಪ್ಪನ ಅಂಗೈಯಲ್ಲಿಟ್ಟ. “ಡಾಕ್ಟರಿಗೆ ಕೇಳೇ ತಂದೀನಿ. ಎರಡು ಮಾತ್ರಿ ಹಾಲಿನಾಗ ಹಾಕಿ ಕೊಟ್ರ ಸಂಜೀತನಾ ಮಕ್ಕೋತಾನ. ಶಾರದಮ್ಮಾರ ಮನ್ಯಾಗ ಬಿಟ್ಟು ಹೋಗೂಣು.”

“ತಾಯಿ ಮಣ್ಣಿಗೆ ಮಗ ಇರೂದು ಬ್ಯಾಡೇನು?”

“ಇದ್ದು ಅವಂಗೇನು ತಿಳೀತೈತಿ, ಹೇಳ್ರಿ?” ರೇವಣಸಿದ್ದಪ್ಪ ಕಣ್ಣೊರೆಸಿಕೊಂಡ. “ಅಕ್ಕ ಎದುರಿಗೆ ಹೆಣ ಆಗಿ ಕುಂತಾಳ, ಇಂವಾ ರೊಟ್ಟಿ ಕೇಳ್ತಾನ. ಮುಂದಿಂದೂ ನೋಡಬೇಕು ಮಾಮಾ. ನಿಮಗೂ ಅರವತ್ತು ಆತು. ನಿಮ್ಮ ನವಲಗುಂದದ ಕಡೆ ಒಂದು ಮಠ ಐತಿ, ಇಂಥವ್ರನ್ನ ಇಟಗೋತಾರಂತ. ದಿನಕರ್ಮ ಮುಗೀಲಿ, ಮಾತಾಡೂಣು.”

ವೀರಪ್ಪ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

*

ಎಪ್ಪತ್ತೊಂದನೇ ಇಸವಿ. ಭೋಜನಿಗೆ ಒಂಬತ್ತು ತುಂಬಿತ್ತು. ವೀರಪ್ಪ ಆಗ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದು ಹದಿಮೂರು ವರ್ಷವಾಗಿತ್ತು. ಹರಕೆ, ತಾಯಿತ, ಮೂರು ಊರಿನ ವೈದ್ಯರು ಎಲ್ಲ ಮುಗಿದ ಮೇಲೆ, ಆಫೀಸಿನ ಮೇಲಧಿಕಾರಿಯೊಬ್ಬರು ಚೀಟಿ ಕೊಟ್ಟು ವಿಲಾಯತಿಯಲ್ಲಿ ಓದಿಬಂದ ಡಾಕ್ಟರೊಬ್ಬರ ಹತ್ತಿರ ಕಳಿಸಿದ್ದರು.

ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು. ಗಿರಿಜೆಗೆ ಇಂಗ್ಲಿಷ್ ಬಾರದು. ವೀರಪ್ಪ ಎರಡೂ ಕಡೆಯ ಮಾತನ್ನು ದಾಟಿಸುತ್ತಿದ್ದ. ಇದಕ್ಕೆ ಮುಂಚೆ ಮಕ್ಕಳಿದ್ದವೇ ಎಂದಾಗ, ಒಂದು ಹೆಣ್ಣುಮಗು ಇತ್ತು, ಭೋಜ ಹೊಟ್ಟೆಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿತು ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಹುಡುಕುತ್ತಿದ್ದುದು ಸಿಕ್ಕಿದವರ ಹಾಗೆ ತಲೆಯಾಡಿಸಿದರು. ಇಂಥ ಮಕ್ಕಳ ತಾಯಂದಿರು ಒಳಗೆ ತಣ್ಣಗಿರುತ್ತಾರೆ, ಸತ್ತ ಮಗುವಿನ ದುಃಖದಲ್ಲಿ ಹುಟ್ಟಿದ ಮಗುವಿಗೆ ಮನಸ್ಸು ಕೊಟ್ಟಿರುವುದಿಲ್ಲ, ಮಗು ಆ ಚಳಿಗೆ ಬಾಗಿಲು ಹಾಕಿಕೊಂಡುಬಿಡುತ್ತದೆ ಎಂದರು.

“ಏನಂದ್ರು?” ಎಂದು ಗಿರಿಜೆ ಕೇಳಿದಳು.

ವೀರಪ್ಪ ಆ ಮಾತನ್ನು ನುಂಗಿಬಿಡಬಹುದಿತ್ತು. ನುಂಗಲಿಲ್ಲ. “ನೀನು ಅವಂಗ ಮನಸ ಕೊಡಲಿಲ್ಲಂತ. ಅದಕ್ಕ ಹಿಂಗಾಗ್ಯಾನಂತ,” ಎಂದ. ಆಮೇಲೆ, ಡಾಕ್ಟರು ಹೇಳದ ಒಂದು ಮಾತನ್ನೂ ಸೇರಿಸಿದ: “ನನಗೂ ಹಂಗ ಅನಸ್ತಿತ್ತು.”

ಹಾಗೆ ಹೇಳಿದಾಗ ಅವನ ಎದೆಯಿಂದ ಏನೋ ಭಾರ ಇಳಿದಿತ್ತು. ಅದು ಯಾಕೆಂದು ಅವನೊಬ್ಬನಿಗೇ ಗೊತ್ತಿತ್ತು. ನವಲಗುಂದದ ಮನೆಯಲ್ಲಿ ಅವನಿಗೊಬ್ಬ ತಮ್ಮನಿದ್ದ, ಚನಬಸು. ಒಂದು ಮಾತೂ ಆಡದೆ, ದಿನವಿಡೀ ಹುಣಸೆಬೀಜ ಸಾಲು ಹಚ್ಚುತ್ತಿದ್ದ ಹುಡುಗ. ಓಡಿಹೋಗುತ್ತಾನೆಂದು ಅವನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಿದ್ದರು. ಹದಿನಾಲ್ಕಕ್ಕೆ ಸತ್ತ. ಭೋಜ ಮೊದಲ ಸಲ ಬಳಪದ ಚೂರುಗಳನ್ನು ಸಾಲಾಗಿಟ್ಟ ದಿನದಿಂದ ಇದು ತನ್ನ ಕಡೆಯಿಂದಲೇ ಬಂದದ್ದೇನೋ ಎಂಬ ಹೆದರಿಕೆ ವೀರಪ್ಪನನ್ನು ಬಿಟ್ಟಿರಲಿಲ್ಲ. ಮದರಾಸಿನಲ್ಲಿ ಯಾರಿಗೂ, ಹೆಂಡತಿಗೂ, ಅವನು ಚನಬಸುವಿನ ಹೆಸರು ಹೇಳಿರಲಿಲ್ಲ.

ಗಿರಿಜೆ ಅಳಲಿಲ್ಲ. ತಾಂಬರಂಗೆ ವಾಪಸು ಬರುವಾಗ, ಎಲೆಕ್ಟ್ರಿಕ್ ಗಾಡಿ ಮೀನಂಬಾಕ್ಕಂ ದಾಟಿದ ಮೇಲೆ, “ಹಂಗಾದ್ರ ಈಗ ಇಮ್ಮಡಿ ಕೊಡತೀನಿ,” ಎಂದಳು. ಆ ವಿಷಯದಲ್ಲಿ ಅವಳಾಡಿದ ಮಾತು ಅದೊಂದೇ.

ಕೊಟ್ಟಳು. ದಿನಕ್ಕೆ ಹತ್ತು ಸಲ ಮಗನನ್ನು ತಬ್ಬಿದಳು. ತಬ್ಬಿದಾಗೆಲ್ಲ ಅವನು ಸುಟ್ಟವನಂತೆ ಚೀರಿದ. ಮೂರು ತಿಂಗಳಾದ ಮೇಲೆ ಅವಳು ತಬ್ಬುವುದನ್ನು ಬಿಟ್ಟು, ನೋಡುವುದನ್ನು ಹಿಡಿದಳು. ಹಗುರವಾಗಿ ಸವರಿದರೆ ಚೀರುವ ಹುಡುಗ, ಸುತ್ತಿಟ್ಟ ಹಾಸಿಗೆಯಡಿ ತಾನಾಗಿ ಹೋಗಿ ಸಿಕ್ಕಿಕೊಂಡು ಸುಖವಾಗಿರುವುದನ್ನು ಕಂಡಳು. ಎರಡು ಭುಜಗಳನ್ನು ಬಿಗಿಯಾಗಿ ಒತ್ತಿ ಹಿಡಿದರೆ ಅವನ ಉಸಿರು ನಿಧಾನವಾಗುವುದನ್ನು ಕಂಡಳು. ಮುಂದೆ ಏನಾಗಲಿದೆ ಎಂದು ಮೊದಲೇ ಹೇಳಿದರೆ ಅವನು ಹೆದರುವುದಿಲ್ಲವೆಂದು ಕಂಡಳು. “ಮೊದಲ ಜಳಕ. ಆಮ್ಯಾಲ ಅಂಗಿ. ಆಮ್ಯಾಲ ರೊಟ್ಟಿ.” ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಅದೇ ಮಾತು. ಪೇಪರು ಓದುತ್ತ ಕೂತ ವೀರಪ್ಪನಿಗೆ ಅದು ಗಡಿಯಾರದ ಸದ್ದಿನಂತೆ ಕೇಳಿಸುತ್ತಿತ್ತು.

ಎಪ್ಪತ್ತೈದರ ಒಂದು ಭಾನುವಾರ ಮೂವರೂ ತಿರುವೊಟ್ಟಿಯೂರಿಗೆ ಹೋಗಿದ್ದರು. ಮರೀನಾ ಕಡಲತೀರದ ಜನಜಾತ್ರೆ ಅಲ್ಲಿರಲಿಲ್ಲ. ಶಿವನ ಗುಡಿಯಿಂದ ಹೊರಬಿದ್ದು ಕಡಲಿನ ದಂಡೆಗೆ ಬಂದರೆ ಬಲೆ ಹೆಣೆಯುವ ನಾಲ್ಕು ಜನ, ದೂರದಲ್ಲಿ ಫ್ಯಾಕ್ಟರಿಯ ಹೊಗೆ. ಭೋಜ ಮೊಣಕಾಲಿನವರೆಗೆ ನೊರೆಯಲ್ಲಿ ನಿಂತು ನಕ್ಕ. ಹೊಟ್ಟೆಯಿಂದ ಬಂದ ನಗು. ಬಲೆಯವರೂ ತಲೆಯೆತ್ತಿ ನೋಡಿ ನಕ್ಕರು. ಗಿರಿಜೆ ಸೀರೆ ಎತ್ತಿಕಟ್ಟಿ ಅವನ ಎಡಕ್ಕೆ ನಿಂತಿದ್ದಳು. “ಅಲ್ರೀ, ಬರ್ರಿ, ಆ ಕಡೆ ನೀವು ನಿಂದರ್ರಿ,” ಎಂದು ಕೂಗಿದಳು. ಗಾಳಿಗೆ ಅವಳ ಕೂದಲೆಲ್ಲ ಬಿಚ್ಚಿಹೋಗಿತ್ತು. ಬೂಟು ಒದ್ದೆಯಾಗುತ್ತದೆಂದು ವೀರಪ್ಪ ದಂಡೆಯ ಮೇಲೇ ಕೂತಿದ್ದ.

*

ಭಜನೆಯವರು ಬಂದು ತಾಳ ಹಿಡಿದರು. ಭೋಜ ಎದ್ದು ಒಳಗೆ ಓಡಿದ. ಅದೇ ಹೊತ್ತಿಗೆ ಸುಗುಣಾ ಟೀಚರು ಬಂದಳು.

ಪಲ್ಲಾವರಂನಲ್ಲಿ ತನ್ನ ಮನೆಯ ಕಾರ್‌ಶೆಡ್ಡಿನಲ್ಲಿ ಭೋಜನಂಥ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದ ಮನೆತನ. ಅವಳ ಕನ್ನಡದಲ್ಲಿ ಕಾಲುಪಾಲು ತಮಿಳು. ಐದು ವರ್ಷ ಗಿರಿಜೆ ಮಗನನ್ನು ಅವಳಲ್ಲಿಗೆ ಕರೆದುಕೊಂಡು ಹೋಗಿದ್ದಳು, ಆಫೀಸಿನ ಜನವೆಲ್ಲ ಹೋದ ಮೇಲೆ ಹತ್ತೂಮುಕ್ಕಾಲರ ಖಾಲಿ ಗಾಡಿಯಲ್ಲಿ. ವೀರಪ್ಪ ಒಂದು ಸಲವೂ ಹೋಗಿರಲಿಲ್ಲ.

ಅವಳು ಗಿರಿಜೆಯ ಪಾದಕ್ಕೆ ಹಣೆ ಮುಟ್ಟಿಸಿ ಎದ್ದು, ವೀರಪ್ಪನನ್ನು ಹುಡುಕಿಕೊಂಡು ಹಿತ್ತಿಲಿಗೆ ಬಂದಳು.

“ಸಾರ್, ಭೋಜನಿಗೆ ಹೇಳಿದೀರಾ?”

“ಏನಂತ ಹೇಳ್ಲಿ, ಟೀಚರ್? ಮಲಗಸೂಣು ಅಂತ ಅವನ ಮಾವ ಮಾತ್ರಿ ತಂದಾನ.” ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದ.

“ಬೇಡ ಸಾರ್. ಎದ್ದ ಮೇಲೆ ಅಮ್ಮ ಇರಲ್ಲ. ಎಲ್ಲಿ ಹೋದ್ರು ಅಂತ ಅವನಿಗೆ ಯಾರು ಹೇಳೋದು? ಪಾವಂ, ಪಾಪ, ಆಯಸ್ಸು ಪೂರಾ ಹುಡುಕ್ತಾನೆ.” ಒಳಗಿನ ಕೋಣೆಯ ಕಡೆ ನೋಡಿ ಹೇಳಿದಳು: “ಅವನಿಗೆ ದುಃಖ ಇಲ್ಲ ಅಂತ ಮಾತ್ರ ಅಂದ್ಕೋಬೇಡಿ. ತೋರಿಸೋ ದಾರಿ ಬೇರೆ, ಅಷ್ಟೇ.”

ವೀರಪ್ಪ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತ. ಬಹಳ ವರ್ಷದಿಂದ ಬಾಯಿಯವರೆಗೆ ಬಂದು ನಿಂತಿದ್ದ ಮಾತು ಇವತ್ತು ತಾನಾಗಿ ಹೊರಬಿತ್ತು. “ನಾ ಅಕೀಗೆ ಒಂದು ಮಾತು ಅಂದಿದ್ದೆ, ಟೀಚರ್. ಹದಿನೈದು ವರ್ಷ ಆತು. ನಿನ್ನಿಂದನ ಹಿಂಗಾತು ಅಂತ. ಅದನ್ನ ವಾಪಸ್ ತಗೋಳಾಕ ಆಗಲೇ ಇಲ್ಲ.”

“ಗೊತ್ತು ಸಾರ್.”

ಅವನು ತಲೆಯೆತ್ತಿದ.

“ಎಂಬತ್ತೆರಡರಲ್ಲಿ ಒಂದು ದಿನ ಅವರೇ ಕೇಳಿದ್ರು. ಟೀಚರ್, ಇದು ನನ್ನಿಂದ ಆಗಿದ್ದಾ ಅಂತ. ನಾನು ಹೇಳ್ದೆ, ಇಲ್ಲಮ್ಮ, ಇದಕ್ಕೆ ಆಟಿಸಂ ಅಂತಾರೆ, ಹುಟ್ಟುವಾಗಲೇ ಇರೋದು. ತಾಯಿ ತಪ್ಪು ಅಂತಿದ್ದ ಮಾತನ್ನ ಬೇರೆ ದೇಶದ ಡಾಕ್ಟರುಗಳೇ ಎಂದೋ ಬಿಟ್ಟುಬಿಟ್ರು ಅಂತ. ಆಮೇಲೆ ಕೇಳಿದ್ರು, ಹುಟ್ಟುವಾಗ ಅಂದ್ರೆ ವಂಶದಲ್ಲಿ ಬರ್ತದಾ? ನಾನು, ಕೆಲವು ಮನೆಗಳಲ್ಲಿ ಹಾಗೆ ಕಾಣುತ್ತೆ, ಆದ್ರೆ ಯಾರ ತಪ್ಪೂ ಅಲ್ಲ ಅಂದೆ.”

ಒಳಗೆ ತಾಳದ ಸದ್ದು ಏರಿತು. ಸುಗುಣಾ ಅದು ಇಳಿಯುವವರೆಗೆ ಕಾದಳು.

“ನಿಮ್ಮನೆಗೆ ಬಂದು ಸಾರ್‌ಗೂ ಹೇಳ್ತೀನಿ ಅಂತ ಹೊರಟೆ. ಕೈ ಹಿಡ್ಕೊಂಡುಬಿಟ್ರು. ಬೇಡ, ಅವರಿಗೆ ಚನಬಸು ಅಂತ ಒಬ್ಬ ತಮ್ಮ ಇದ್ದ, ಹೀಗೇ ಇದ್ದನಂತೆ, ಮದುವೆಯಾದ ವರ್ಷವೇ ಅತ್ತೆ ಹೇಳಿದ್ರು, ಅವರು ಮಾತ್ರ ನನಗೆ ಹೇಳಿಲ್ಲ ಅಂದ್ರು. ನನ್ನ ಮೇಲೆ ಬಂದಿದ್ದು ನನಗೆ ರೂಢಿಯಾಗಿದೆ, ಅವರ ಮೇಲೆ ಬಂದ್ರೆ ಅವರು ತಡಕೊಳ್ಳಲ್ಲ ಅಂದ್ರು. ನಾಲ್ಕು ವರ್ಷ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಹೇಳಿದ್ದು ತಪ್ಪಾದ್ರೆ ಮನ್ನಿಸಿ.”

ವೀರಪ್ಪ ತೊಟ್ಟಿಯ ನೀರಿನಲ್ಲಿ ಕೈಯದ್ದಿ ಮುಖಕ್ಕೆ ಎರಚಿಕೊಂಡ. ಮತ್ತೆ ಎರಚಿಕೊಂಡ. ಅಂಗಿಯೆಲ್ಲ ಒದ್ದೆಯಾಗುವವರೆಗೆ ಎರಚಿಕೊಳ್ಳುತ್ತಲೇ ಇದ್ದ. ಸುಗುಣಾ ಬೇರೆ ಕಡೆ ಮುಖ ತಿರುಗಿಸಿ ನಿಂತಳು.

ಆಮೇಲೆ ಜಗಲಿಗೆ ಹೋಗಿ ಪೊಟ್ಟಣವನ್ನು ರೇವಣಸಿದ್ದಪ್ಪನ ಕೈಗೆ ವಾಪಸು ಕೊಟ್ಟ. “ಇದು ಬ್ಯಾಡ. ಅಂವಾ ನನ್ನ ಜೋಡಿ ಬರ್ತಾನ.”

“ಮಾಮಾ, ಮಂದಿ ಏನಂತಾರ?”

“ಅನ್ನಲಿ. ನವಲಗುಂದದ ಮಾತೂ ಬ್ಯಾಡ. ಆ ಊರಾಗ ನಮ್ಮ ಚನಬಸೂನ್ನ ಕಟ್ಟಿಹಾಕಿದ್ದು ಸಾಕು.”

“ಚನಬಸು ಅಂದ್ರ ಯಾರು?”

“ನನ್ನ ತಮ್ಮ,” ಎಂದ ವೀರಪ್ಪ.

*

ಭೋಜ ಒಳಕೋಣೆಯಲ್ಲಿ, ಕಬ್ಬಿಣದ ಬೀರುವಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಸೇರಿಕೊಂಡು ಕೂತಿದ್ದ. ವೀರಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಹೇಗೆ ಶುರು ಮಾಡುವುದೋ ತಿಳಿಯದೆ ಬಾಗಿಲ ಕಡೆ ನೋಡಿದ.

“ಸಣ್ಣ ಸಣ್ಣ ಮಾತು, ಸಾರ್,” ಎಂದಳು ಹೊಸ್ತಿಲಲ್ಲಿದ್ದ ಸುಗುಣಾ. “ಇರೋದನ್ನ ಇರೋ ಹಾಗೆ. ದೇವರ ಹತ್ರ ಹೋದ್ರು, ಮಲಗಿದಾರೆ ಅಂತೆಲ್ಲ ಬೇಡ. ಮಲಗೋದಕ್ಕೇ ಹೆದರಿಬಿಡ್ತಾನೆ.”

“ಭೋಜಾ,” ಎಂದ ವೀರಪ್ಪ. “ಮೊದಲ ವ್ಯಾನ್ ಬರ್ತೈತಿ. ಅವ್ವನ್ನ ವ್ಯಾನಿನಾಗ ಕೂಡಸ್ತಾರ.”

ಭೋಜ ತೂಗುವುದನ್ನು ನಿಲ್ಲಿಸಲಿಲ್ಲ.

“ನಾನು, ನೀನು, ಟೀಚರು ಆಟೋದಾಗ ಹೋಗ್ತೀವಿ. ಪಲ್ಲಾವರಂ ಆಚೆ. ಅಲ್ಲಿ ಕುಣಿ ತೋಡ್ಯಾರ. ಅವ್ವನ್ನ ಕುಣ್ಯಾಗ ಕೂಡಸ್ತಾರ. ಆಮ್ಯಾಲ ವಿಭೂತಿ ಹಾಕ್ತೀವಿ. ಆಮ್ಯಾಲ ಮಣ್ಣು.” ನಿನ್ನೆಯಿಂದ ಬಂದವರೆಲ್ಲ ಲಿಂಗೈಕ್ಯ ಎಂದಿದ್ದರು, ಪುಣ್ಯವಂತೆ ಎಂದಿದ್ದರು, ಮುತ್ತೈದೆಯಾಗಿ ಹೋದಳು ಎಂದಿದ್ದರು. ಆ ಮಾತುಗಳಿಗೆಲ್ಲ ಅವನು ತಲೆಯಾಡಿಸಿದ್ದ. ಈಗ ಹೇಳಬೇಕಾದ ಮಾತನ್ನು ಮಾತ್ರ ಯಾರೂ ಅವನಿಗೆ ಹೇಳಿರಲಿಲ್ಲ. ಅವನೂ ತನಗೆ ಹೇಳಿಕೊಂಡಿರಲಿಲ್ಲ.

“ಆಮ್ಯಾಲ ನಾವು ಮನಿಗೆ ಬರ್ತೀವಿ. ನಾನು. ನೀನು.” ಉಸಿರೆಳೆದುಕೊಂಡ. “ಅವ್ವ ಬರಾಂಗಿಲ್ಲ.”

ತೂಗುವುದು ನಿಂತಿತು.

“ಬರಾಂಗಿಲ್ಲ,” ಎಂದ ಭೋಜ.

ಅದು ಗಿರಿಜೆಯ ದನಿಯಾಗಿರಲಿಲ್ಲ. ಸ್ವಲ್ಪ ಒರಟು, ಕೊನೆಯಲ್ಲಿ ಗಂಟಲು ಕಟ್ಟಿದ ಹಾಗೆ. ತನ್ನದೇ ದನಿ ಎಂದು ವೀರಪ್ಪನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಇಪ್ಪತ್ನಾಲ್ಕು ವರ್ಷದಲ್ಲಿ ಅವನು ಮಗನ ಬಾಯಲ್ಲಿ ತನ್ನ ದನಿ ಕೇಳಿದ್ದು ಅದೇ ಮೊದಲು.

ಅವನು ಬೀರುವಿಗೆ ತಲೆ ಆನಿಸಿಕೊಂಡು ಅತ್ತ. ಭೋಜ ಅವನ ಅಂಗಿಯ ಒದ್ದೆ ತೋಳನ್ನೇ ನೋಡುತ್ತ ಕೂತಿದ್ದ. ಸರಿದುಹೋಗಲಿಲ್ಲ.

*

ಶುಕ್ರವಾರ ಪಲ್ಲಾವರಂ ಸಂತೆ. ರಸ್ತೆ ತುಂಬ ಕೋಳಿ ಪಂಜರ, ಹಳೆಯ ಕುರ್ಚಿ, ತರಕಾರಿಯ ಗುಡ್ಡೆ. ಆಟೋ ನಿಂತು ನಿಂತು ಸಾಗಿತು. ಅವರು ರುದ್ರಭೂಮಿ ಮುಟ್ಟುವ ಹೊತ್ತಿಗೆ ಗಿರಿಜಾದೇವಿಯನ್ನು ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ ಆಗಿತ್ತು. ಅಯ್ಯನವರು ಮಂತ್ರ ಹೇಳುತ್ತಿದ್ದರು. ಅಲ್ಲಿನ ವಾಡಿಕೆಯಂತೆ ಹೊರಗೆ ತಮಟೆಯವರು ನಾಲ್ಕು ಜನ ಬಿಸಿಲಿನಲ್ಲಿ ಬೆವರುತ್ತ ಬಡಿಯುತ್ತಿದ್ದರು. ಭೋಜ ಆಟೋದಿಂದ ಇಳಿದವನೇ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು ಬೇವಿನ ಮರದ ಕೆಳಗೆ ನಿಂತುಬಿಟ್ಟ.

“ಮಗ ಬರಲಿ, ಮೊದಲನೇ ವಿಭೂತಿ ಮಗಂದು,” ಎಂದು ಅಯ್ಯನವರು ಕರೆದರು.

ಜನ ತಿರುಗಿ ನೋಡಿದರು. ರೇವಣಸಿದ್ದಪ್ಪ ಹಲ್ಲು ಕಚ್ಚಿಕೊಂಡು ನೆಲ ನೋಡಿದ. ವೀರಪ್ಪ ಮರದ ಹತ್ತಿರ ಹೋಗಿ, “ಈಗ ವಿಭೂತಿ,” ಎಂದ. “ಆಮ್ಯಾಲ ಮಣ್ಣು. ಆಮ್ಯಾಲ ಮನಿ.”

ಭೋಜ ನಡೆದ. ಕಿವಿಯಿಂದ ಕೈ ತೆಗೆಯದೆ, ಮೊಣಕೈಗಳನ್ನು ಎರಡು ಕಡೆ ಚಾಚಿಕೊಂಡೇ ಕುಣಿಯ ಮೆಟ್ಟಿಲು ಇಳಿದು ತಾಯಿಯ ಗೂಡಿನ ಎದುರು ನಿಂತ. ಅಯ್ಯನವರು ಬಿದಿರಿನ ಬುಟ್ಟಿಯನ್ನು ಮುಂದೆ ಹಿಡಿದರು. ಅದರ ತುಂಬ ವಿಭೂತಿಯ ಗಟ್ಟಿಗಳು. ಭೋಜ ಬುಟ್ಟಿ ನೋಡಿದ. ತಮಟೆ ಇನ್ನೂ ಜೋರಾಯಿತು. ಕೈ ತೆಗೆದರೆ ಸದ್ದು, ತೆಗೆಯದಿದ್ದರೆ ವಿಭೂತಿ ಇಲ್ಲ. ಅವನು ನಿಂತಲ್ಲೇ ಹಿಂದಕ್ಕೆ ಮುಂದಕ್ಕೆ ತೂಗತೊಡಗಿದ. ಯಾರೋ, “ಬಿಡ್ರಿ, ಆಗೂದಿಲ್ಲ,” ಎಂದರು.

ವೀರಪ್ಪ ಇಳಿದು ಮಗನ ಹಿಂದೆ ನಿಂತ. ಮಗ ಅವನಿಗಿಂತ ಒಂದು ಗೇಣು ಎತ್ತರ. ಹಿಮ್ಮಡಿ ಎತ್ತಿ, ಎರಡು ಅಂಗೈಗಳನ್ನು ಭೋಜನ ಕೈಗಳ ಮೇಲಿಟ್ಟ. ಬಿಗಿಯಾಗಿ ಒತ್ತಿದ. ಭೋಜನ ಬೆರಳುಗಳು ಒಂದೊಂದಾಗಿ ಅವನ ಅಂಗೈಯಡಿಯಿಂದ ಜಾರಿ ಹೊರಬಂದವು. ಈಗ ಆ ಕಿವಿಗಳ ಮೇಲಿದ್ದದ್ದು ವೀರಪ್ಪನ ಕೈಗಳು.

ಭೋಜ ಬಗ್ಗಿ ಒಂದು ಗಟ್ಟಿ ತೆಗೆದುಕೊಂಡ. ಅದನ್ನು ಎಸೆಯಲಿಲ್ಲ; ಮಂಡಿಯೂರಿ ತಾಯಿಯ ಮಡಿಲಿನ ಹತ್ತಿರ ಇಟ್ಟ. ಇನ್ನೊಂದನ್ನು ತೆಗೆದು ಅದರ ಪಕ್ಕದಲ್ಲಿಟ್ಟ. ಮತ್ತೊಂದು. ವೀರಪ್ಪನೂ ಅವನ ಜೊತೆ ಬಗ್ಗಿದ, ಮಂಡಿಯೂರಿದ. ಬಿಳಿಯ ಗಟ್ಟಿಗಳು ಒಂದರ ಪಕ್ಕ ಒಂದು, ಕೂದಲೆಳೆಯಷ್ಟೂ ಓರೆಯಾಗದೆ ಸಾಲುಗಟ್ಟಿದವು.

“ಯಜಮಾನ್ರ, ನೀವೂ ಒಂದು ಹಾಕ್ರಿ,” ಎಂದರು ಅಯ್ಯನವರು.

ವೀರಪ್ಪನ ಎರಡು ಕೈಗಳೂ ಬಿಡುವಾಗಿರಲಿಲ್ಲ. ಅಂಗೈಗಳಡಿಯಲ್ಲಿ ಮಗನ ದವಡೆ ಮೆಲ್ಲಗೆ ಆಡುತ್ತಿತ್ತು. ಏನೋ ಹೇಳಿಕೊಳ್ಳುತ್ತಿದ್ದ, ತಮಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.